ಹೋಳಿಯ ದಿನ ಕೋಚ್ ಸತ್ತದ್ದು

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿರುವ ಖಾಸಿಂ ಸಾಬರ ಚಹಾದಂಗಡಿಯಲ್ಲಿ ಸಂಕ್ರಾಂತಿಯಿಂದ ಹೋಳಿಯವರೆಗೆ ಒಂದೇ ಪ್ರಶ್ನೆ ಕುದಿಯಿತು. ಬಸವಲಿಂಗ ಆ ಕಿರಣಕುಮಾರನನ್ನು ಯಾಕೆ ಕೈಬಿಟ್ಟ? ಹತ್ತಿಯ ದರ ಬಿದ್ದಿತು, ಎದ್ದಿತು. ರಸ್ತೆ ಅಗೆದವರು ಮುಚ್ಚದೆ ಹೋದರು. ಅದ್ಯಾವುದೂ ಆ ಬೆಂಚಿನ ಮೇಲೆ ಕುಳಿತವರ ತಲೆಗೆ ಹತ್ತಲಿಲ್ಲ.

ವಿಷಯ ಇಷ್ಟು. ಜಿಲ್ಲೆಯ ತಾಲೂಕುಗಳ ನಡುವೆ ವರ್ಷಕ್ಕೊಮ್ಮೆ ಕಬಡ್ಡಿ ಲೀಗ್ ನಡೆಯುತ್ತದೆ. ಆಟಗಾರರನ್ನು ಹಂಚಿಕೊಳ್ಳಲು ಎಲ್ಲ ತಂಡಗಳ ಕೋಚ್‌ಗಳು ಒಂದೆಡೆ ಕೂತು ಸರತಿಯ ಮೇಲೆ ಒಬ್ಬೊಬ್ಬನನ್ನೇ ಆರಿಸುತ್ತಾರೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಕೊನೆಗೆ ನಿಂತ ತಂಡಕ್ಕೆ ಮೊದಲ ಸರತಿ. ರಾಯಚೂರು ಕೊನೆಗೆ ನಿಂತಿತ್ತು. ಕೊನೆಗೆ ನಿಂತವರಿಗೆ ಸಿಗುವ ಮರ್ಯಾದೆ ಅದೊಂದೇ. ದೇವದುರ್ಗದ ಕಿರಣಕುಮಾರ ಎದುರು ಪಾಳೆಯಕ್ಕೆ ರೇಡ್ ಹೋದರೆ ಬರಿಗೈಯಲ್ಲಿ ಬರುವ ಹುಡುಗನಲ್ಲ ಎಂಬುದು ಜಿಲ್ಲೆಗೆಲ್ಲ ಗೊತ್ತು. ಕಣ್ಣು ಮುಚ್ಚಿ ಅವನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಕೋಚ್ ಬಸವಲಿಂಗ ಕಣ್ಣು ತೆರೆದುಕೊಂಡು ಯೋಚಿಸಿದ. ಯೋಚಿಸಿ ಲಿಂಗಸುಗೂರಿನ ಒಬ್ಬ ದಪ್ಪ ಡಿಫೆಂಡರನ ಹೆಸರು ಹೇಳಿದ. ಎರಡನೇ ಸರತಿಯ ಮಾನ್ವಿಯವರು ಕುರ್ಚಿಯಿಂದ ಬೀಳುವ ಅವಸರದಲ್ಲಿ ಕಿರಣಕುಮಾರನನ್ನು ಎತ್ತಿಕೊಂಡರು.

ಎರಡನೇ ಪಂದ್ಯಕ್ಕೇ ಡಿಫೆಂಡರನ ಮೊಣಕಾಲು ತಿರುಚಿತು. ಈಗ ಅವನು ಅಂಕಣದ ಹೊರಗೆ ಶೇಂಗಾ ತಿನ್ನುತ್ತಾ ಕೂರುತ್ತಾನೆ, ಮಾನ್ವಿ ಎಲ್ಲರ ತಲೆಯ ಮೇಲೆ ಕೂತಿದೆ, ರಾಯಚೂರು ತನ್ನ ಹಳೆಯ ಜಾಗಕ್ಕೆ ಮರಳಿದೆ.

ಬೆಂಚಿನ ಮಂದಿಯಲ್ಲಿ ಯಾರೂ ಕಬಡ್ಡಿ ಆಡಿದವರಲ್ಲ. ಅಕ್ಕಿ ದಲಾಲಿ ಮಾಡುವ ಗಡಿಗೆಪ್ಪ ಬಸ್ಸು ಹತ್ತಿದರೂ ಏದುಸಿರು ಬಿಡುವವನು. ಆದರೆ ಆಡುವವರಿಗಿಂತ ನೋಡುವವರಿಗೆ ಆಟ ಹೆಚ್ಚು ಗೊತ್ತಿರುತ್ತದೆ ಎಂಬುದು ಚಹಾದಂಗಡಿಗಳ ಹಳೆಯ ಕಾನೂನು. ಆ ಕಾನೂನಿನ ಪ್ರಕಾರ ಅವರು ಬಸವಲಿಂಗನನ್ನು ದಿನಾ ಬೆಳಿಗ್ಗೆ ಕಟಕಟೆಗೆ ತರುತ್ತಿದ್ದರು, ಸಂಜೆ ಶಿಕ್ಷೆ ಕೊಡುತ್ತಿದ್ದರು.

ಶಿಕ್ಷೆ ಓದುವವನು ಅಂಬರೀಶ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕ ನೋಡುವ ಕೆಲಸ ಅವನದು. ಅಲ್ಲಿ ಯಂತ್ರದ ಗದ್ದಲಕ್ಕೆ ಅವನ ಮಾತು ಅವನಿಗೇ ಕೇಳುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಅವನು ಬರುವ ತನಕ ಮಂದಿ ಎರಡನೇ ಚಹಾ ಹೇಳದೆ ಕಾಯುತ್ತಿದ್ದರು. ಅವನ ಬಾಯಿ ಅಂಥದು. ಕೋಚ್ ನಡೆಯುವ ರೀತಿ, ಸೀಟಿ ಊದುವ ರೀತಿ, ಸೋತ ಮೇಲೆ ಟೊಪ್ಪಿಗೆ ತೆಗೆದು ಬೋಳು ತಲೆ ಸವರಿಕೊಳ್ಳುವ ರೀತಿ ಎಲ್ಲವನ್ನೂ ಮಾಡಿ ತೋರಿಸಿದರೆ ನಗುವವರ ಮೂಗಿಗೆ ಚಹಾ ಏರುತ್ತಿತ್ತು.

ಅಷ್ಟು ಚೆನ್ನಾಗಿ ಮಾಡಲು ಕಾರಣವಿತ್ತು. ಬಸವಲಿಂಗ ಅವನ ಅಕ್ಕನ ಗಂಡ.

ತಂದೆ ಮೊದಲೇ ಹೋಗಿದ್ದ. ತಾಯಿಯೂ ಹೋದಾಗ ಅಂಬರೀಶ ಇನ್ನೂ ಶಾಲೆಯಲ್ಲಿದ್ದ. ಅಕ್ಕ ಅನುರಾಧಾ ಅವನನ್ನು ತನ್ನ ಮನೆಗೆ ಕರೆದೊಯ್ದು ಓದಿಸಿದಳು. ಈಗ ಬೇರೆ ಬಾಡಿಗೆ ಕೋಣೆ ಮಾಡಿಕೊಂಡಿದ್ದರೂ ಭಾನುವಾರ ಊಟ ಅಕ್ಕನ ಮನೆಯಲ್ಲೇ. ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಬಿಸಿ ರೊಟ್ಟಿ, ಕೊನೆಗೆ ಶೇಂಗಾದ ಹೋಳಿಗೆ. ಮೂವತ್ತು ದಾಟಿದರೂ ಮದುವೆಯಾಗದ ತಮ್ಮನಿಗೆ ಅವಳೇ ಹೆಣ್ಣು ಹುಡುಕುತ್ತಿದ್ದಳು. ಲೋಕದಲ್ಲಿ ಅವನು ಚಪ್ಪಲಿ ಬಿಟ್ಟು ಹೇಳದೆ ಕೇಳದೆ ಒಳಗೆ ಹೋಗಬಹುದಾದ ಬಾಗಿಲು ಅದೊಂದೇ.

ಆ ಬಾಗಿಲಿನಿಂದಲೇ ಅವನು ಸರಕು ತರುತ್ತಿದ್ದ. ಭಾನುವಾರ ಊಟದ ಹೊತ್ತಿಗೆ ಬಸವಲಿಂಗ ರೊಟ್ಟಿ ಮುರಿಯುತ್ತಾ, ‘ಹಿಡಿಯಾವರೇ ಇಲ್ಲದ ತಂಡದಾಗ ಓಡಾವ ಒಬ್ಬ ಇದ್ದು ಏನ್ ಮಾಡ್ತಾನ ಅಂತ ಲೆಕ್ಕ ಹಾಕಿದೆ ನಾ. ಲೆಕ್ಕ ತಪ್ಪಿತು,’ ಎಂದಿದ್ದ. ಮನೆಯವರ ಮುಂದೆ ತಗ್ಗಿದ ದನಿಯಲ್ಲಿ ಆಡಿದ ಮಾತು. ಸೋಮವಾರ ಬೆಳಿಗ್ಗೆ ಅದು ಖಾಸಿಂ ಸಾಬರ ಅಂಗಡಿಯಲ್ಲಿ ನಾಟಕವಾಗಿತ್ತು. ಬಸವಲಿಂಗ ನಿದ್ದೆಯಲ್ಲಿ ‘ಕಾಲು, ಕಾಲು ಹಿಡಿ’ ಎಂದು ಕನವರಿಸುತ್ತಾನೆಂದು ಅಕ್ಕ ಚಿಂತೆಯಿಂದ ಹೇಳಿಕೊಂಡಿದ್ದಳು. ಅದೂ ನಾಟಕವಾಯಿತು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಅಂಬರೀಶ ಜಂತೆಯನ್ನು ಬಿಚ್ಚಿಕೊಂಡೇ ಬರುತ್ತಿದ್ದ.

ಅವನು ಕೆಟ್ಟವನೇ ಎಂದರೆ, ಹೌದು, ಆ ಎರಡು ತಿಂಗಳು ಅವನು ಕೆಟ್ಟವನೇ. ಗಡಿಗೆಪ್ಪ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

‘ಅಂಬರೀಶ ಏನರೆ ಅನ್ಲಿ,’ ಎಂದು ಗಡಿಗೆಪ್ಪ ಉಳಿದವರಿಗೆ ಕಣ್ಣು ಹೊಡೆಯುತ್ತಿದ್ದ, ‘ಭಾವನ ಮನಿ ಹೋಳಿಗಿ ಉಂಡಾವ. ಒಳಗ ಮೆತ್ತಗ ಅದಾನ.’

ಮೆತ್ತಗಿಲ್ಲ ಎಂದು ತೋರಿಸಲು ಅಂಬರೀಶ ಮರುದಿನ ಇನ್ನೊಂದು ಮೊಳ ಮುಂದೆ ಹೋಗುತ್ತಿದ್ದ.

ಹೋಳಿ ಹತ್ತಿರ ಬಂತು. ಹೋಳಿಯಲ್ಲಿ ಕಾಮನ ಅಣಕು ಹೆಣ ಹೊರುವುದು, ಬಾಯಿ ಬಡಿದುಕೊಳ್ಳುವುದು ಊರ ರೂಢಿ. ಈ ಸಲ ಕಾಮನ ಬದಲು ಕೋಚನ ಹೆಣ ಹೊರೋಣ ಎಂದು ಯಾರೋ ಅಂದರು. ಎಲ್ಲರೂ ಅಂಬರೀಶನ ಮುಖ ನೋಡಿದರು.

‘ಚಟ್ಟಾ ಕಟ್ಟಿ ಮಲಗಿಸಿದ್ರ ಯಾರ ಹೆಣ ಅಂತ ತಿಳಿಯಂಗಿಲ್ಲ,’ ಎಂದ ಅಂಬರೀಶ. ‘ನಮ್ಮ ಮಂದ್ಯಾಗ ಹೆಣಾ ಕುಂದ್ರಿಸಿ ಒಯ್ತಾರ. ಬಿದಿರಿನ ವಿಮಾನ ಕಟ್ರಿ, ಹೂವು ಹಾಕ್ರಿ. ಹತ್ತಿ ನಾ ತರ್ತೀನಿ.’

ಮಿಲ್ಲಿನಿಂದ ಕಸರು ಹತ್ತಿ ಬಂತು. ಫ್ಲೆಕ್ಸ್ ಅಂಗಡಿಯಲ್ಲಿ ಬಸವಲಿಂಗನ ಮುಖ ಅಳತೆಗೆ ಸರಿಯಾಗಿ ಅಚ್ಚಾಯಿತು. ಅಕ್ಕನ ಮನೆಯ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಭಾವನ ನೀಲಿ ಟ್ರ್ಯಾಕ್‌ಸೂಟನ್ನು ಅಂಬರೀಶ ಹಿಂದಿನ ಭಾನುವಾರವೇ ಚೀಲಕ್ಕೆ ತುರುಕಿಕೊಂಡು ಬಂದಿದ್ದ. ಬಸವಲಿಂಗನಿಗೆ ಅಂಥವು ಎರಡಿದ್ದವು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಗೊಂಬೆಯ ಕೊರಳಿಗೆ ಸೀಟಿ, ಹಣೆಗೆ ವಿಭೂತಿ. ವಿಮಾನದಲ್ಲಿ ಕುಂದ್ರಿಸಿ, ಹೂವಿನ ಸರ ಇಳಿಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಗಡಿಗೆಪ್ಪನ ನಗುವೇ ಅರ್ಧಕ್ಕೆ ನಿಂತಿತು.

ಕರಾರು ಅಂಬರೀಶನದೇ. ಬಣ್ಣದಾಟ ಮುಗಿದು ಎಲ್ಲರೂ ಮಿಂದ ಮೇಲೆ, ಇಳಿಹೊತ್ತಿಗೆ ಹೊರಡಬೇಕು. ಭಜನೆ ಖರೇ ಭಜನೆಯಂತಿರಬೇಕು. ದಾರಿಯಲ್ಲಿ ಯಾರೂ ನಗಬಾರದು. ನಕ್ಕವನು ಎಲ್ಲರಿಗೂ ಒಂದು ವಾರ ಚಹಾ ಕುಡಿಸಬೇಕು. ಗಂಜ್‌ನಿಂದ ಆಟದ ಮೈದಾನದವರೆಗೆ ಒಯ್ದು, ರಾಯಚೂರು ಸೋತ ಅಂಕಣದಲ್ಲೇ ಇಳಿಸಿ, ಅಲ್ಲಿ ಎಲ್ಲರೂ ಒಟ್ಟಿಗೆ ನಗಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಹೋಳಿಯ ಹುಡುಗಾಟವಾಗಿ ಮುಗಿಯುತ್ತಿತ್ತು. ಆದರೆ ಜಾಣನಿಗೆ ಪೂರ್ತಿ ಮಾಡುವ ಚಟ. ಗಂಡ ಸತ್ತವಳಿಗೆ ತವರಿನಿಂದ ಬಿಳಿ ಸೀರೆ ಒಯ್ಯಬೇಕು, ಒಯ್ಯುವವನು ಒಡಹುಟ್ಟಿದವನು. ಆ ನಾಟಕಕ್ಕೆ ಊರಲ್ಲೆಲ್ಲ ತಾನೊಬ್ಬನೇ ಖರೇ ಪಾತ್ರಧಾರಿ ಎಂದು ಅಂಬರೀಶನಿಗೆ ಹೊಳೆಯಿತು. ಕೋಣೆಗೆ ಹೋಗಿ ಅವ್ವನ ಟ್ರಂಕು ತೆಗೆದ. ಅವ್ವ ಕೊನೆಯ ವರ್ಷಗಳಲ್ಲಿ ಉಡುತ್ತಿದ್ದ ಬಿಳಿ ಸೀರೆ ಮಡಿಕೆಯಲ್ಲೇ ಹಳದಿಗಟ್ಟಿತ್ತು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ತಲೆಗೆ ಟವೆಲ್ ಹೊದ್ದು ಅಂಗಡಿಗೆ ಬಂದಾಗ ಗಡಿಗೆಪ್ಪ ಎದ್ದು ನಿಂತು ಕೈಮುಗಿದ. ಅಂಬರೀಶನ ಎದೆ ಉಬ್ಬಿತು.

ಖಾಸಿಂ ಸಾಬ್ ಮಾತ್ರ ಗ್ಲಾಸು ತೊಳೆಯುತ್ತಾ, ‘ಸೀರಿ ಬ್ಯಾಡಾಗಿತ್ತಪಾ,’ ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೆರವಣಿಗೆ ಹೊರಟಿತು. ಎದುರು ಬಂದವರು ಬೈಕು ನಿಲ್ಲಿಸಿ ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬ ಮುದುಕ ಗೊಂಬೆಯ ಮೇಲೆ ಮಂಡಕ್ಕಿ ತೂರಿದ. ಒಬ್ಬರೂ ನಗಲಿಲ್ಲ. ಅಂಬರೀಶ ಎಲ್ಲರಿಗಿಂತ ಮುಂದೆ, ಕಣ್ಣಿಗೆ ಟವೆಲ್ ಒತ್ತಿಕೊಂಡು, ‘ಎಲ್ಲಿ ಹೋದ್ಯೋ ಯಪ್ಪಾ’ ಎಂದು ದನಿ ಎಳೆಯುತ್ತಾ ನಡೆದ. ಮೈದಾನಕ್ಕೆ ನೆಟ್ಟಗೆ ಹೋಗಬೇಕು. ಎಡಕ್ಕೆ ತಿರುಗಿದರೆ ಅಕ್ಕನ ಓಣಿ.

‘ಎಡಕ್ಕ ಬ್ಯಾಡ್ರಪಾ,’ ಎಂದ ಗಡಿಗೆಪ್ಪ, ವಿಮಾನದ ಬಿದಿರಿಗೆ ಹೆಗಲು ಕೊಟ್ಟವನು. ‘ಅಲ್ಲಿ ಅವರ ಅಕ್ಕ ಇರ್ತಾಳ. ಅಂಬರೀಶನ ಕೈಲೆ ಆಗಂಗಿಲ್ಲ.’

ಅಂಬರೀಶ ಎಡಕ್ಕೆ ತಿರುಗಿದ.

ಅನುರಾಧಾ ಮಧ್ಯಾಹ್ನದಿಂದ ಹೊಸ್ತಿಲ ಮೇಲೇ ಕೂತಿದ್ದಳು. ಬೆಳಿಗ್ಗೆ ನೀಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಬೈಕಿನಲ್ಲಿ ದೇವದುರ್ಗಕ್ಕೆ, ಅಲ್ಲಿಂದ ಮಾನ್ವಿಗೆ ಎಂದು ಹೋದ ಗಂಡನ ಫೋನು ಹತ್ತುತ್ತಿರಲಿಲ್ಲ. ಹೋಳಿಯ ದಿನ ದಾರಿಯ ಮೇಲೆ ಕುಡಿದವರೇ ಹೆಚ್ಚು. ಪಕ್ಕದ ಮನೆಯ ಮೂಕಮ್ಮ, ‘ಬರ್ತಾನ ಸುಮ್ಕಿರವ್ವ,’ ಎಂದು ಸಮಾಧಾನ ಹೇಳುತ್ತಿದ್ದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಭಜನೆ ಕೇಳಿತು.

ಅವಳು ಎದ್ದು ನಿಂತಳು. ಮೊದಲು ಕಂಡದ್ದು ಹೂವಿನ ವಿಮಾನ. ಆಮೇಲೆ ನೀಲಿ ಬಟ್ಟೆ, ವಿಭೂತಿ ಹಚ್ಚಿದ ಗಂಡನ ಮುಖ. ಆಗಲೂ ಅವಳು ನಂಬಲಿಲ್ಲ, ತಲೆ ಅಲ್ಲಾಡಿಸಿದಳು. ಮುಖ ತಪ್ಪಿರಬಹುದು, ಬಟ್ಟೆ ತಪ್ಪಿರಬಹುದು. ಆಮೇಲೆ ಮುಂದೆ ಬರುತ್ತಿದ್ದ ತಮ್ಮ ಕಂಡ. ಅವನ ಹೆಗಲ ಮೇಲೆ ಅವ್ವನ ಬಿಳಿ ಸೀರೆ ಕಂಡಿತು. ಆ ಸೀಮೆಯ ಯಾವ ಹೆಂಗಸಿಗೂ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಅಂಬರೀಶ ಅವಳ ಮುಖ ನೋಡಿದ. ಅವಳು ನಂಬಿದಳು ಎಂಬುದು ಅವನಿಗೆ ತಿಳಿಯಿತು. ಇಲ್ಲಿ ಅವನ ಪರವಾಗಿ ಹೇಳಲು ಏನೂ ಇಲ್ಲ, ಯಾಕೆಂದರೆ ತಿಳಿದ ಮೇಲೂ ಅವನು ನಿಲ್ಲಿಸಲಿಲ್ಲ. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ. ಬೆನ್ನ ಹಿಂದೆ ಇಡೀ ಗುಂಪು ಉಸಿರು ಹಿಡಿದು ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ಸಲ, ಒಂದೇ ಒಂದು ಸಲ ಎಂದು ದನಿ ಎತ್ತಿ, ‘ಯಕ್ಕಾ, ನಿನ್ನ ಹಣ್ಯಾಗ ಇದ ಬರದಿತ್ತೇನ’ ಎಂದು ಎರಡೂ ಕೈಯಲ್ಲಿ ಸೀರೆ ಮುಂದೆ ಚಾಚಿದ.

ಅನುರಾಧಾ ಹೊಸ್ತಿಲ ಕಲ್ಲಿನ ಮುಂದೆ ಮೊಣಕಾಲೂರಿ ಎರಡೂ ಕೈ ಎತ್ತಿ ಬಡಿದಳು. ಹಸಿರು ಬಳೆಯ ಚೂರು ಅಂಗಳದ ತುಂಬ ಹಾರಿದವು. ಮತ್ತೆ ಬಡಿದಳು. ಮೂರನೇ ಸಲಕ್ಕೆ ಬಳೆ ಉಳಿದಿರಲಿಲ್ಲ, ಬರಿಯ ಮಣಿಕಟ್ಟು ಕಲ್ಲಿಗೆ ತಾಗಿ ನೆತ್ತರು ಚಿಮ್ಮಿತು. ಮೂಕಮ್ಮ ಅಳುತ್ತಾ ಬಂದು ಸೆರಗಿನಿಂದ ಅವಳ ಹಣೆಯ ಕುಂಕುಮ ಒರೆಸಿಬಿಟ್ಟಳು.

‘ಯಕ್ಕಾ, ಗೊಂಬಿ ಅದು,’ ಎಂದ ಅಂಬರೀಶ. ನಾಲಿಗೆಯೇ ಆಸ್ತಿಯಾಗಿದ್ದವನಿಗೆ ಅಷ್ಟೇ ಮಾತು ಹೊರಟಿತು. ‘ಗೊಂಬಿ ಯಕ್ಕಾ. ಹತ್ತಿ ತುಂಬೇವಿ.’

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಗುಂಪಿನ ಹಿಂದೆ ಬೈಕಿನ ಹಾರ್ನ್ ಕೇಳಿತು. ಮಂದಿ ಸರಿದರು. ಬಸವಲಿಂಗ ಬಂದಿದ್ದ. ತಲೆಯಿಂದ ಕಾಲಿನವರೆಗೆ ಗುಲಾಬಿ ಬಣ್ಣ. ಮಾನ್ವಿಯಲ್ಲಿ ಹುಡುಗರು ಕೊಡ ಎತ್ತಿ ಸುರಿದ ನೀರಿಗೆ ಫೋನು ಸತ್ತಿತ್ತು. ಅವನ ಹಿಂದೆ ಬೈಕಿನ ಮೇಲೆ ಒಬ್ಬ ತೆಳ್ಳನೆಯ ಹುಡುಗ, ತೊಡೆಯ ಮೇಲೆ ಬಟ್ಟೆಯ ಚೀಲ.

‘ಏ ಕಿರಣಕುಮಾರಲೇ,’ ಎಂದ ಗಡಿಗೆಪ್ಪ.

ಲೀಗಿನ ನಡುವೆ ಒಮ್ಮೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಮಾನ್ವಿಯ ನಾಯಕನಿಗೂ ಕಿರಣಕುಮಾರನಿಗೂ ಜಗಳವಾಗಿದೆ ಎಂಬ ಸುದ್ದಿ ಹಿಡಿದು ಬಸವಲಿಂಗ ಬೆಳಿಗ್ಗೆ ದೇವದುರ್ಗಕ್ಕೆ ಹೋಗಿ ಹುಡುಗನ ತಂದೆಯನ್ನು ಒಪ್ಪಿಸಿ, ಮಾನ್ವಿಗೆ ಹೋಗಿ ಅಲ್ಲಿಯವರ ಕಾಲು ಹಿಡಿದು, ತನ್ನ ಇಬ್ಬರು ಆಟಗಾರರನ್ನು ಕೊಟ್ಟು ಇವನನ್ನು ಕರೆದುಕೊಂಡು ಬಂದಿದ್ದ.

ವಿಮಾನ ಹೊತ್ತವರು ಅದನ್ನು ಅಂಗಳದಲ್ಲಿ ದಡಕ್ಕನೆ ಇಳಿಸಿದರು. ಗೊಂಬೆಯ ಕುತ್ತಿಗೆ ವಾಲಿತು. ಎಲ್ಲರೂ ಓಡಿಹೋಗಿ ಕಿರಣಕುಮಾರನನ್ನು ಬೈಕಿನಿಂದ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಹೆಣಕ್ಕೆ ಕೊಟ್ಟ ಹೆಗಲು ಬಿಸಿಯಾಗಿಯೇ ಇತ್ತು. ಅನುರಾಧಾ ನೆತ್ತರು ಸುರಿಸುತ್ತಾ ಕೂತ ಹೊಸ್ತಿಲಿನ ಮುಂದೆ ಅವರು ರಾಯಚೂರಿಗೆ ಜೈಕಾರ ಹಾಕಿದರು. ಆ ಹುಡುಗನೊಬ್ಬನೇ ಮೇಲಿನಿಂದ ಅವಳನ್ನು ನೋಡಿ, ‘ನನ್ನ ಇಳಸ್ರಿ, ಅಲ್ಲಿ ಅಕ್ಕಾರಿಗೆ ಏನೋ ಆಗ್ಯಾದ,’ ಎನ್ನುತ್ತಿದ್ದ. ಜೈಕಾರದಲ್ಲಿ ಅದು ಯಾರಿಗೂ ಮುಟ್ಟಲಿಲ್ಲ.

ಬಸವಲಿಂಗ ವಿಮಾನದಲ್ಲಿ ಕೂತ ತನ್ನನ್ನು ಒಮ್ಮೆ ನೋಡಿದ. ಹೆಂಡತಿಯ ಪಕ್ಕ ಕೂತು ಅವಳ ಕೈ ಹಿಡಿದು ಚರ್ಮಕ್ಕೆ ಚುಚ್ಚಿದ ಗಾಜಿನ ಚೂರನ್ನು ಒಂದೊಂದಾಗಿ ತೆಗೆಯತೊಡಗಿದ. ಅವಳು ಅವನ ಗಲ್ಲ ಮುಟ್ಟಿದಳು, ಬೆರಳಿಗೆ ಗುಲಾಬಿ ಬಣ್ಣ ಹತ್ತಿತು. ಆಮೇಲೆ ತಮ್ಮನನ್ನು ನೋಡಿದಳು.

ಅಂಬರೀಶ ಸೀರೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹಿಂದೆ ಸರಿಯುತ್ತಿದ್ದ.

‘ಕೊಡಿಲ್ಲೆ,’ ಎಂದಳು.

‘ಯಕ್ಕಾ, ತಪ್ಪಾತು. ಒಯ್ದು ಸುಟ್ಟಬಿಡ್ತೀನಿ.’

‘ತವರಿಂದ ಬಂದ ಸೀರಿ ಹೊಳ್ಳಿ ಹೋಗಂಗಿಲ್ಲ. ಅವ್ವ ಹೇಳ್ತಿದ್ದಳು, ಸೀರಿ ಬಂತಂದ್ರ ಸಾವು ಬಂದಂಗ. ಯಾರದರೆ ಒಬ್ಬರದು ಆಗಬೇಕು.’ ಅವಳು ಅವನ ಕೈಯಿಂದ ಸೀರೆ ಎಳೆದುಕೊಂಡಳು. ಬಿಳಿಯ ಮೇಲೆ ಕೆಂಪು ಹತ್ತಿತು. ‘ನನಗೊಬ್ಬ ತಮ್ಮ ಇದ್ದ.’

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಿಟ್ಟು ಇಳಿದೀತು ಎಂದು ಅಂಬರೀಶ ಎರಡು ದಿನ ಕಾದ. ಫೋನು ಮಾಡಿದರೆ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾದಂಗಡಿಗೆ ಹೋದರೆ ಬೆಂಚು ಖಾಲಿ. ಖಾಸಿಂ ಸಾಬ್ ಒಲೆ ಆರಿಸಿ, ತೊಳೆದ ಅಂಗಿ ಹಾಕಿಕೊಂಡು ಬಾಗಿಲು ಎಳೆಯುತ್ತಿದ್ದರು.

‘ಎಲ್ಲಿಗ್ರಿ ಚಾಚಾ?’

ಖಾಸಿಂ ಸಾಬ್ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟರು. ‘ನಿಂದ ಹಾಲುತುಪ್ಪಕ್ಕಪಾ,’ ಎಂದರು. ‘ನಿಮ್ಮ ಅಕ್ಕ ಎಲ್ಲಾರಿಗೂ ಹೇಳಿ ಕಳಿಸ್ಯಾಳ. ಸಾವಿನ ಊಟ, ಬರಂಗಿಲ್ಲ ಅಂತ ಹೆಂಗ ಅನ್ಲಿ?’

ಅಂಬರೀಶ ಅವರ ಹಿಂದೆಯೇ ಹೋದ. ಒಳಗೆ ಕಾಲಿಡುವ ಧೈರ್ಯವಾಗದೆ ಕಾಂಪೌಂಡ್ ಗೋಡೆಯ ಹೊರಗೆ ನಿಂತ. ಅಂಗಳದ ಮೂಲೆಯಲ್ಲಿ ನೆಲ ಅಗೆದು ಮುಚ್ಚಿದ ಹಸಿ ಮಣ್ಣು ಕಾಣುತ್ತಿತ್ತು. ಗೊಂಬೆಯ ಹತ್ತಿಯನ್ನು ಅಲ್ಲಿ ಹೂತಿದ್ದರು, ಮಣ್ಣಿನ ಮೇಲೆ ಹಾಲು ತುಪ್ಪ ಎರೆದ ಒದ್ದೆಯಿತ್ತು. ಅದರ ತಲೆಗೆ ಅವನದೇ ಫೋಟೋ, ಮಾಲೆ, ಊದಿನಕಡ್ಡಿ. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಭಾವನೇ ತೆಗೆಸಿದ ಫೋಟೋ ಅದು.

ಬೇವಿನ ನೆರಳಲ್ಲಿ ಪಂಕ್ತಿ ಕೂತಿತ್ತು. ಗಡಿಗೆಪ್ಪ ಮೊದಲನೆಯವನು. ಬೆಂಚಿನ ಮಂದಿ ಎಲ್ಲರೂ ಇದ್ದರು. ವಿಮಾನ ಹೊತ್ತವರು, ಭಜನೆ ಮಾಡಿದವರು, ಫ್ಲೆಕ್ಸ್ ಮಾಡಿಸಿದವನು. ಮಾಡಿದ್ದೆಲ್ಲ ಅಂಬರೀಶನದೇ ಎಂದು ಅವರು ಬಸವಲಿಂಗನ ಮುಂದೆ ಆಣೆ ಇಟ್ಟು ಮುಗಿಸಿದ್ದರು. ಬಸವಲಿಂಗ ತಲೆಬಾಗಿ ರೊಟ್ಟಿ ಬಡಿಸುತ್ತಿದ್ದ. ಅನುರಾಧಾಳ ಮೈಮೇಲೆ ಅವ್ವನ ಬಿಳಿ ಸೀರೆ. ಮಣಿಕಟ್ಟಿಗೆ ಸುತ್ತಿದ ಬಟ್ಟೆಯ ಮೇಲೆ, ಗಂಡನ ಆಯುಷ್ಯಕ್ಕೆಂದು ಮೂಕಮ್ಮ ತೊಡಿಸಿದ ಹೊಸ ಹಸಿರು ಬಳೆ.

‘ಖರೇ ಹೇಳ್ಬೇಕಂದ್ರ,’ ಎಂದು ಗಡಿಗೆಪ್ಪ ಬಸವಲಿಂಗ ಅತ್ತ ಹೋದ ಮೇಲೆ ಪಕ್ಕದವನ ಕಿವಿಗೆ ಬಗ್ಗಿದ, ‘ಕಿರಣಕುಮಾರ ಬಂದ ಬರೋಬ್ಬರಿ. ಆದ್ರ ಅವನ ಸಲುವಾಗಿ ಬರೋ ವರ್ಷದ ಮೊದಲ ಸರತಿನೂ ಮಾನ್ವಿಗೆ ಬಿಟ್ಟಕೊಟ್ಟಾನಂತ. ಇಂಥಾ ಬೇಕೂಫ್ ಕೋಚ್ ಎಲ್ಲೆರೆ ಇದ್ದಾನೇನು? ಹೋಳಿಗಿ ಚಲೋ ಆಗ್ಯಾವ, ಇನ್ನೊಂದು ಕೇಳು.’

ಪಂಕ್ತಿ ಏಳುವ ಮುಂಚೆ ಹೋದವರ ಬಗ್ಗೆ ಎರಡು ಒಳ್ಳೆಯ ಮಾತು ಆಡುವ ರೂಢಿ. ಮೂಕಮ್ಮ ನೆನಪಿಸಿದಳು. ಎಲ್ಲರೂ ಎಲೆ ನೋಡಿದರು. ಕೊನೆಗೆ ಗಡಿಗೆಪ್ಪ, ‘ಮಾತು ಚಲೋ ಆಡ್ತಿದ್ದ,’ ಎಂದ. ತಲೆ ಎತ್ತಿದಾಗ ಗೋಡೆಯಾಚೆ ನಿಂತ ಅಂಬರೀಶ ಅವನ ಕಣ್ಣಿಗೆ ಬಿದ್ದ. ಗಡಿಗೆಪ್ಪ ನೋಡಿದ, ನೋಡಿ ಎಲೆ ಮಡಚಿದ.

ಅನುರಾಧಾ ಎಡೆಯ ತಟ್ಟೆ ತಂದಳು. ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ರೊಟ್ಟಿ, ಮೇಲೆ ಶೇಂಗಾದ ಹೋಳಿಗೆ. ಅದನ್ನು ಗೋಡೆಯ ಮೇಲೆ, ಅವನಿಂದ ಒಂದು ಮಾರು ದೂರದಲ್ಲಿ ಇಟ್ಟು ಕಾಗೆಗಾಗಿ ಕಾದಳು. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಮುಟ್ಟದಿದ್ದರೆ ಮನೆಯವರು ಕೈಮುಗಿದು, ಏನು ಬೇಕು ಹೇಳು, ಅದನ್ನು ಮಾಡುತ್ತೇವೆ ಎಂದು ಕೇಳಬೇಕು. ಅಂಬರೀಶ ಅದನ್ನೇ ಬೇಡಿಕೊಂಡ. ಕಾಗೆ ಬಾರದಿರಲಿ. ಅಕ್ಕ ಒಮ್ಮೆ ಬಾಯಿಬಿಟ್ಟು ಕೇಳಲಿ, ತಾನು ಹೇಳುತ್ತೇನೆ, ಈ ಸಲ ಸರಿಯಾಗಿ ಹೇಳುತ್ತೇನೆ ಎಂದು ಒಣಗಿದ ಬಾಯಲ್ಲಿ ಮಾತು ಕೂಡಿಸುತ್ತಾ ನಿಂತ.

ಬೇವಿನ ಮರದಿಂದ ಒಂದು ಕಾಗೆ ನೆಟ್ಟಗೆ ಇಳಿದು ಬಂತು. ಅವನ ಮುಖವನ್ನು ಒಮ್ಮೆ ಓರೆಯಾಗಿ ನೋಡಿ, ಹೋಳಿಗೆಯನ್ನು ಕಚ್ಚಿಕೊಂಡು ಹಾರಿತು.

‘ಮುಟ್ತು,’ ಎಂದಳು ಅನುರಾಧಾ. ಉಳಿದವರಿಗೆ ಬಡಿಸಲು ಒಳಗೆ ಹೋದಳು.